ಮುಂದಿನ ಚಾಪೆಯ ಚೌಡಮ್ಮ

ಕಿರ್ರ್, ಗುಡುಕ್. ಕಿರ್ರ್, ಗುಡುಕ್. ಬಾವಿಯ ರಾಟೆಯ ಈ ಸದ್ದು ಕೇಳಿದರೆ ನಿಮಗೆ ನೀರು ನೆನಪಾಗಬಹುದು, ನನಗೆ ನೆನಪಾಗುವುದು ನಾಟಕ. ಅರವತ್ತರ ಸುಮಾರಿನಲ್ಲಿ ಕೊಳ್ಳೇಗಾಲದ ಒಂದು ಪ್ರೈಮರಿ ಶಾಲೆಯ ಹಾಲಿನಲ್ಲಿ ನಾವು ಹೆಂಗಸರು ನಾಟಕವಾಡಿದಾಗ, ಪರದೆ ಎತ್ತಲು ಬೇರೆ ರಾಟೆ ಸಿಗದೆ ಶಾಲೆಯ ಬಾವಿಯದನ್ನೇ ಬಿಚ್ಚಿ ತಂದು ತೊಲೆಗೆ ಕಟ್ಟಿದ್ದೆವು. ಪರದೆ ಎಂದರೆ ಒಟ್ಟಿಗೆ ಸೇರಿಸಿ ಹೊಲಿದ ನಮ್ಮ ಮನೆಯ ನಾಲ್ಕು ಬೆಡ್‌ಶೀಟು. ಅದು ಅರ್ಧಕ್ಕೆ ಹೋಗಿ ನಿಂತು, ಮತ್ತೆ ಎಳೆಸಿಕೊಂಡು, ಗುಡುಕ್ ಎಂದು ಮೇಲೇರಿದಾಗ ಮುಂದೆ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು, "ಅವ್ವಾ, ನೀರ್ ಸೇದ್ತಾವ್ರೆ ಕಣವ್ವ," ಎಂದಳು. ಇಡೀ ಹಾಲು ನಕ್ಕಿತು. ದೇವರ ಪಟದ ಮುಂದೆ ಕಣ್ಣು ಮುಚ್ಚಿ, ಗಂಭೀರವಾಗಿ ಕೈಮುಗಿದು ನಿಂತಿದ್ದ ನನ್ನ ನಾಯಕಿಯೂ ನಕ್ಕುಬಿಟ್ಟಳು.

ಪ್ರತಿಯೊಬ್ಬರಿಗೂ ಒಂದು ಒಳಗಿನ ಜಂಬ ಇರುತ್ತದೆ. ನಮ್ಮ ಅತ್ತಿಗೆಗೆ ತಾನು ಮಾಡಿದ ಸಾರಿನ ಬಗ್ಗೆ ಇತ್ತು. ನನ್ನ ಯಜಮಾನರಿಗೆ ತಮ್ಮ ಸಹಿಯ ಬಗ್ಗೆ ಇತ್ತು, ಅದನ್ನು ಯಾರೂ ಓದಲಾರರು ಎನ್ನುವುದೇ ಅವರಿಗೆ ಹೆಮ್ಮೆ. ನನಗಿದ್ದದ್ದು ನಾನೊಬ್ಬ ಡೈರೆಕ್ಟರ್ ಎಂಬ ಜಂಬ. ಇದರ ಬೀಜ ಬಿತ್ತಿದವರು ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ಸಿಸ್ಟರ್. ಬಿಳಿ ಗೌನು, ಕೈಯಲ್ಲಿ ಸಣ್ಣದೊಂದು ಗಂಟೆ. "ಗರ್ಲ್ಸ್, ಡ್ರಾಮಾ ಅಂದರೆ ನಾಲ್ಕೇ ವಸ್ತು. ಒಂದು ಕಥೆ, ಅದನ್ನು ಆಡುವವರು, ಆಡುವುದಕ್ಕೊಂದು ಜಾಗ, ನೋಡುವುದಕ್ಕೆ ಜನ. ನೋಡುವವರು ಬರುವ ತನಕ ಅದು ಬರೀ ರಿಹರ್ಸಲ್. ಆಡಿಯನ್ಸೇ ನಾಟಕವನ್ನು ಪೂರ್ತಿ ಮಾಡುತ್ತದೆ," ಎಂದು ಆಕೆ ಹೇಳಿದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದೆ. ಪೂರ್ತಿ ಮಾಡುವುದೆಂದರೆ ಎಷ್ಟರ ಮಟ್ಟಿಗೆ ಎಂದು ಕೇಳಲಿಲ್ಲ. ಕೇಳಿದ್ದರೂ ಪಾಪ, ಸಿಸ್ಟರಿಗೆ ಕೊಳ್ಳೇಗಾಲ ಗೊತ್ತಿರಲಿಲ್ಲ.

ನನಗೂ ಗೊತ್ತಿರಲಿಲ್ಲ. ರೇಷ್ಮೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರನ್ನು ಮದುವೆಯಾಗಿ ಆ ಊರಿಗೆ ಬಂದಾಗ, ಅದು ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅಂಗಡಿಯಲ್ಲಿ ಅರ್ಧ ತಮಿಳು, ಅರ್ಧ ಕನ್ನಡ. ನಾನು ಎರಡರ ನಡುವೆ ನನ್ನ ಇಂಗ್ಲಿಷ್ ತುರುಕಿ ಮೂರು ಮಾಡುತ್ತಿದ್ದೆ. ಮಹಿಳಾ ಸಮಾಜದವರು, ಓದಿದವಳು ಎಂಬ ಒಂದೇ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದರು. ರಾಜ್ಯೋತ್ಸವಕ್ಕೆ ಹೆಂಗಸರೇ ಒಂದು ನಾಟಕ ಆಡೋಣ ಎಂದು ನಾನೇ ಬಾಯಿಬಿಟ್ಟೆ. ಅದುವರೆಗೆ ಅಲ್ಲಿ ಹೆಣ್ಣಿನ ವೇಷವನ್ನೂ ಗಂಡಸರೇ ಕಟ್ಟುತ್ತಿದ್ದರು. ರಾತ್ರಿ ಊಟಕ್ಕೆ ಕೂತಾಗ ಯಜಮಾನರು, "ನಾಟಕಕ್ಕೆ ಏನೇನು ಬೇಕು?" ಎಂದರು. ನಾನು ಸಿಸ್ಟರ್ ಹೇಳಿದ ನಾಲ್ಕನ್ನೂ ಬೆರಳು ಮಡಿಸಿ ಹೇಳಿದೆ. ಅವರು ಅನ್ನಕ್ಕೆ ಮಜ್ಜಿಗೆ ಬಡಿಸಿಕೊಂಡು, "ಐದನೆಯದು ಬಿಟ್ಟೆಯಲ್ಲ. ಅವರವರ ಮನೆಯ ಅತ್ತೆ ಹೂಂ ಅನ್ನಬೇಕು," ಎಂದರು. ರೇಷ್ಮೆ ಹುಳುವಿನ ವಿಚಾರ ಬಿಟ್ಟು ಬೇರೆ ವಿಷಯದಲ್ಲೂ ಅವರು ಕೆಲವು ಸಲ ಸರಿಯಾಗಿ ಹೇಳುತ್ತಿದ್ದರು.

ಕಥೆ ನಾನೇ ಬರೆದೆ. ನಾಟಕದ ಹೆಸರು ಹೇಳಲು ಈಗ ನಾಚಿಕೆ. ಶಾರದೆ ಎಂಬ ಸಾಧ್ವಿಯ ಗಂಡ ಪರಸ್ಥಳಕ್ಕೆ ಹೋದವನು ತಿರುಗಿ ಬರುವುದಿಲ್ಲ. ದುಷ್ಟ ಮೈದುನ ಅವಳನ್ನೂ ಕೂಸನ್ನೂ ಮನೆಯಿಂದ ಹೊರಗೆ ಹಾಕುತ್ತಾನೆ. ಮೂರನೆಯ ಅಂಕದಲ್ಲಿ ಅವಳು ಹರಿದ ಸೀರೆಯಲ್ಲಿ ಅದೇ ಮನೆಯ ಬಾಗಿಲಿಗೆ ಬಂದು, ಕೂಸಿಗೆ ಒಂದು ಹಿಡಿ ಅನ್ನ ಬೇಡಿ, ಅದೂ ಸಿಗದೆ, ಹನ್ನೊಂದು ಪುಟದಷ್ಟು ಮಾತಾಡಿ ಹೊಸ್ತಿಲ ಮೇಲೆ ಪ್ರಾಣ ಬಿಡುತ್ತಾಳೆ. ಆಗ ನನ್ನ ವಯಸ್ಸು ಇಪ್ಪತ್ತನಾಲ್ಕು. ನಾಯಕಿ ಸಾಯದಿದ್ದರೆ ಅದು ಸೀರಿಯಸ್ ನಾಟಕವೇ ಅಲ್ಲ ಎಂದು ತಿಳಿದಿದ್ದೆ. ದುಷ್ಟ ಮೈದುನನ ಪಾತ್ರಕ್ಕೆ ಯಳಂದೂರಿನಿಂದ ಬಂದು ನಮ್ಮೂರಿನ ಶಾಲೆಯಲ್ಲಿ ಮೇಡಂ ಆಗಿದ್ದ ಸುಶೀಲ ಸಿಕ್ಕಿದಳು. ಎತ್ತರದ ಆಳು, ದೊಡ್ಡ ದನಿ. ಇದ್ದಿಲಿನಲ್ಲಿ ಮೀಸೆ ಬರೆದರೆ ಅವಳ ತರಗತಿಯ ಮಕ್ಕಳೇ ಹೆದರುತ್ತಿದ್ದವು. ಶಾರದೆ ಮಾತ್ರ ಎಲ್ಲೂ ಸಿಗಲಿಲ್ಲ.

ಒಂದು ದಿನ ಸೀರೆ ನೋಡಲು ನೇಕಾರರ ಬೀದಿಯ ಚೌಡಮ್ಮನ ಮನೆಗೆ ಹೋಗಿದ್ದೆ. ಆಕೆ ಮಗ್ಗದ ಮನೆಯ ಯಜಮಾನಿ. ಗಂಡ, ಮಗ ನೇಯುತ್ತಿದ್ದರು. ಬಣ್ಣ ಯಾವುದು, ಅಂಚು ಎಷ್ಟು ಅಗಲ ಎಂಬುದೆಲ್ಲ ಆಕೆಯ ತೀರ್ಮಾನ. ನಾನು ಜಗಲಿಯಲ್ಲಿ ಕಾಯುತ್ತಿರುವಾಗ ಒಳಗಿನ ಕೋಣೆಯಿಂದ ನನ್ನದೇ ದನಿ ಕೇಳಿಸಿತು. "ಓ ಮೈ ಗಾಡ್, ಈ ಬಾರ್ಡರ್ ಸ್ವಲ್ಪ ಟೂ ಮಚ್ ಆಯಿತು, ಬಟ್ ಕಲರ್ ಈಸ್ ಲವ್ಲಿ ಚೌಡಮ್ಮ." ನಾನು ಇಲ್ಲಿ ಕೂತಿದ್ದೇನೆ, ಅಲ್ಲಿ ನಾನು ಮಾತಾಡುತ್ತಿದ್ದೇನೆ. ಬಗ್ಗಿ ನೋಡಿದರೆ, ಚೌಡಮ್ಮನ ಸೊಸೆ ರತ್ನ ಕದಿರಿಗೆ ನೂಲು ಸುತ್ತುತ್ತಾ, ಕತ್ತನ್ನು ಥೇಟ್ ನನ್ನ ಹಾಗೆ ಓರೆ ಮಾಡಿ, ಪಕ್ಕದ ಮನೆಯವಳಿಗೆ ನನ್ನನ್ನು ಆಡಿ ತೋರಿಸುತ್ತಿದ್ದಳು. ಹನೂರಿನಿಂದ ಮದುವೆಯಾಗಿ ಬಂದು ಎರಡು ವರ್ಷ. ಎದುರಿಗೆ ಒಂದು ಮಾತೂ ಆಡದ ಹುಡುಗಿ. ಕೋಪ ಬರಬೇಕಾಗಿತ್ತು. ಆದರೆ ಆ ಅನುಕರಣೆ ಎಷ್ಟು ಪರ್ಫೆಕ್ಟ್ ಆಗಿತ್ತೆಂದರೆ, ನಾನು ಹೀಗೆ ಮಾತಾಡುತ್ತೇನೆಂದು ಅಂದೇ ನನಗೆ ತಿಳಿದದ್ದು. ಶಾರದೆ ಸಿಕ್ಕಿದಳು.

ಚೌಡಮ್ಮನಿಂದ ಹೂಂ ಅನ್ನಿಸಲು ನಾಲ್ಕು ಸಲ ಹೋದೆ. ನಾಲ್ಕನೆಯ ಸಲ ಆಕೆ ಎಲೆಗೆ ಸುಣ್ಣ ಸವರುತ್ತಾ ಹೇಳಿದಳು: "ನೋಡಿ ಇನ್ಸ್‌ಪೆಟ್ರಮ್ಮಾರೆ, ದೀಪ ಅಚ್ಚೊ ಒತ್ಗೆ ಸೊಸೆ ಮನೇಲಿರ್ಬೇಕು. ಗಂಡುಸ್ರು ಯಾರೂ ಜತೇಲಿ ಕುಣಿಯಂಗಿಲ್ಲ. ನಮ್ಮನೆ ಮರ್ವಾದೆಗೆ ಕುಂದ್ ಬರ್ಬಾರ್ದು. ನಾನೂ ಬತ್ತೀನಿ, ಮುಂದ್ಗಡೆ ಚಾಪೆ ಮ್ಯಾಲೆ ಕುಂತ್ಕತೀನಿ. ನನ್ ಕಣ್ಗೆ ಸರಿ ಕಾಣ್ನಿಲ್ಲ ಅಂದ್ರೆ ಎದ್ ಬಂದು ಕೈ ಇಡ್ಕಂಡು ಕರ್ಕಂಡ್ ಓಯ್ತೀನಿ. ಆಮೇಲೆ ನನ್ನ ಬಯ್ಕಬೇಡಿ." ನಾನು ಎಲ್ಲಕ್ಕೂ ಆಗಲಿ ಎಂದೆ. ನಾಟಕವನ್ನು ಮಧ್ಯಾಹ್ನ ಮೂರು ಗಂಟೆಗೆ ಇಟ್ಟೆ. ಹರಿದ ಸೀರೆಯ ಸಂಗತಿಯೊಂದನ್ನು ಮಾತ್ರ ಹೇಳಲಿಲ್ಲ. ಕಾನ್ವೆಂಟಿನಲ್ಲಿ ಸುಳ್ಳು ಹೇಳಬಾರದೆಂದು ಕಲಿಸಿದ್ದರು. ಕೇಳದಿದ್ದಾಗ ಸುಮ್ಮನಿರಬಾರದೆಂದು ಯಾರೂ ಕಲಿಸಿರಲಿಲ್ಲ.

ಅದೇಕೆ ಅಷ್ಟು ದೊಡ್ಡ ವಿಷಯ ಎಂದರೆ, ನೇಕಾರರ ಮನೆಗೆ ಬೋರ್ಡ್ ಇರುವುದಿಲ್ಲ. ಆ ಮನೆಯ ಹೆಂಗಸಿನ ಮೈಮೇಲಿನ ಸೀರೆಯೇ ಬೋರ್ಡು. ಸೊಸೆ ಹರಿದದ್ದನ್ನುಟ್ಟು ಬೀದಿಯ ನಲ್ಲಿಗೆ ಬಂದರೂ ಅತ್ತೆಯ ಮಾನ ಹೋಗುತ್ತಿತ್ತು. ಇನ್ನು ಊರಿನ ಮುಂದೆ ರಂಗದ ಮೇಲೆ ಬಂದರೆ ಹೇಳಬೇಕೆ. ಚೌಡಮ್ಮನ ಮನೆಯಲ್ಲಂತೂ ನೇಯ್ದ ಕೈಯಲ್ಲಿ ಬಟ್ಟೆ ಹರಿಯಬಾರದೆಂದು ನೆಲ ಒರೆಸುವ ಬಟ್ಟೆಯನ್ನೂ ಅಂಚು ಮಡಿಸಿ ಹೊಲಿದಿಡುತ್ತಿದ್ದರು. ಆ ಬೀದಿಯಲ್ಲಿ ಹರಿದ ಸೀರೆ ಹುಡುಕಿ ನಾನು ಸೋತು, ಕೊನೆಗೆ ನನ್ನದೇ ಒಂದು ವಾಯಿಲ್ ಸೀರೆಯನ್ನು ಹಿತ್ತಲ ಬೇಲಿಗೆ ಸಿಕ್ಕಿಸಿ ಎಳೆದು ಹರಿದೆ. ಅದನ್ನು ನೋಡಿ ರತ್ನನ ಮುಖ ಸಣ್ಣಗಾಯಿತು. "ಅಕ್ಕಾರೆ, ಅತ್ತೆ ಇದ ನೋಡುದ್ರೆ ಮುಗೀತು. ನನ್ನ ಇನ್ನು ಒಸ್ಲು ದಾಟಕ್ಕೆ ಬುಡಕಿಲ್ಲ," ಎಂದಳು. ಆಡುವುದು ಅವಳಿಗೆ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತಿತ್ತು. ರಿಹರ್ಸಲ್ಲಿಗೆ ಅವಳು ಬೀದಿಯಲ್ಲಿ ನಡೆದು ಬರುತ್ತಿರಲಿಲ್ಲ, ಓಡಿ ಬರುತ್ತಿದ್ದಳು. ಹರಿಯದ ಒಂದು ಹಳೆಯ ಸೀರೆ ಸಾಕು ಎಂದು ನಾನು ಹೇಳಬಹುದಾಗಿತ್ತು. ಹೇಳಲಿಲ್ಲ. "ಪ್ಯಾಥೋಸ್ ಬರಬೇಕಲ್ಲ ರತ್ನಾ," ಎಂದೆ. ಕರುಣರಸ ಎಂಬ ಅರ್ಥದ ಆ ಪದ ಅವಳಿಗೆ ತಿಳಿಯಲಿಲ್ಲ, ಸೀರೆ ಮಡಿಸಿ ಎತ್ತಿಟ್ಟಳು. ಇಂಗ್ಲಿಷ್ ಪದಗಳಿಂದ ನಾನು ಗೆದ್ದ ವಾದಗಳೆಲ್ಲ ಇಂಥವೇ.

ರಿಹರ್ಸಲ್ಲುಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆಯಬಹುದು. ಮೊದಲ ದಿನ ನಾನು ನಾಲ್ಕನೇ ಗೋಡೆಯ ವಿಚಾರ ತಿಳಿಸಿಕೊಟ್ಟೆ. ರಂಗಕ್ಕೆ ಮೂರು ಕಡೆ ಗೋಡೆ ಇದೆ, ಜನರ ಕಡೆಗೆ ಕಣ್ಣಿಗೆ ಕಾಣದ ಇನ್ನೊಂದು ಗೋಡೆ ಇದೆ ಎಂದುಕೊಂಡು, ಜನ ಇಲ್ಲವೇ ಇಲ್ಲ ಎನ್ನುವ ಹಾಗೆ ಆಡಬೇಕು ಎಂದೆ. ಎಲ್ಲರೂ ಗೌರವದಿಂದ ಆ ಕಡೆ ನೋಡಿದರು. ಸುಶೀಲ, "ಅಲ್ಲಕ್ಕ, ಗೋಡೆ ಕಟ್ಬುಟ್ರೆ ಅವ್ರು ಯಾಕ್ ಬರ್ಬೇಕು, ಮನೇಲೇ ಇರ್ತಾರೆ," ಎಂದಳು. ಇದಕ್ಕೆ ಸಿಸ್ಟರ ನೋಟ್ಸಿನಲ್ಲಿ ಉತ್ತರವಿರಲಿಲ್ಲ. ಲೈಟಿಂಗಿಗೆ ನಮ್ಮಲ್ಲಿ ಇದ್ದವನು ಸೂರ್ಯನೊಬ್ಬನೇ. ನಾನು ಗಡಿಯಾರ ಹಿಡಿದು ಲೆಕ್ಕ ಹಾಕಿದ್ದೆ: ಮೂರನೆಯ ಅಂಕ ಐದೂವರೆಗೆ ಬಂದರೆ ಹಾಲಿನಲ್ಲಿ ಮಬ್ಬು ಕವಿದಿರುತ್ತದೆ, ಸೀರೆಯ ಹರಕು ಚೌಡಮ್ಮನಿಗೆ ಕಾಣುವುದಿಲ್ಲ, ಸಾಯುವುದೂ ಚೆನ್ನಾಗಿ ಕಾಣುತ್ತದೆ. ಕಲೆಯೂ ಉಳಿಯಿತು, ಸೊಸೆಯೂ ಉಳಿದಳು ಎಂದುಕೊಂಡೆ.

ನಾಟಕದ ದಿನ ಹಾಲು ತುಂಬಿತ್ತು. ಹೆಂಗಸರು, ಮಕ್ಕಳು, ಕಿಟಕಿಯ ಹೊರಗೆ ಒಂದಿಷ್ಟು ಗಂಡಸರ ಪೇಟ. ಮುಂದಿನ ಚಾಪೆಯ ನಟ್ಟನಡುವೆ ಚೌಡಮ್ಮ, ಮಡಿಲಲ್ಲೊಂದು ಬಟ್ಟೆಯ ಗಂಟು. ಅದು ಮುಯ್ಯಿಯ ಗಂಟಿರಬೇಕು ಎಂದುಕೊಂಡೆ, ಆ ಕಡೆ ಒಂದು ಪದ್ಧತಿ ಇತ್ತು. ಊರಿನ ಗಂಡಸರು ನಾಟಕವಾಡುವಾಗ ಪಾತ್ರಧಾರಿಯ ನೆಂಟರು ನಡುವೆಯೇ ರಂಗದ ಮೇಲೆ ಬಂದು, ಹಾರ ಹಾಕಿ, ಬಟ್ಟೆ ಹೊದಿಸಿ ಮುಯ್ಯಿ ಮಾಡುವುದು. ಭೀಮ ಗದೆ ಎತ್ತಿದ್ದವನು ಇಳಿಸಿ, ಮಾವನ ಕಾಲಿಗೆ ಬಿದ್ದು, ಮತ್ತೆ ಎತ್ತುತ್ತಿದ್ದ. ನಾನು ಅದನ್ನೆಲ್ಲ ಇನ್‌ಡಿಸಿಪ್ಲಿನ್ ಎಂದು ಕರೆದು, ಮುಯ್ಯಿ ಏನಿದ್ದರೂ ಪರದೆ ಬಿದ್ದ ಮೇಲೆ ಎಂದು ಮೊದಲೇ ಸಾರಿದ್ದೆ.

ರಾಟೆಯ ನಗು ಅಡಗಿದ ಮೇಲೆ ಎಲ್ಲ ಚೆನ್ನಾಗಿಯೇ ನಡೆಯಿತು, ಬಹಳ ಬೇಗ ನಡೆಯಿತು ಎಂಬುದೊಂದೇ ತೊಂದರೆ. ಒಬ್ಬೊಬ್ಬಳಿಗೂ ಮನೆಯಲ್ಲಿ ದೀಪ ಹಚ್ಚುವ ಚಿಂತೆ. ನಲವತ್ತು ದಿನ ಕಲಿತ ಮಾತುಗಳನ್ನು ಎಕ್ಸ್‌ಪ್ರೆಸ್ ಬಸ್ಸಿನಂತೆ ಎಲ್ಲೂ ನಿಲ್ಲಿಸದೆ ಓಡಿಸಿದರು. ಐದೂವರೆಗೆ ಬರಬೇಕಾದ ಮೂರನೆಯ ಅಂಕ ನಾಲ್ಕಕ್ಕೇ ಬಂದು ನಿಂತಿತು. ಪಶ್ಚಿಮದ ಕಿಟಕಿಯಿಂದ ಬಿಸಿಲು ನೇರವಾಗಿ ರಂಗದ ಮೇಲೆ ಬಿದ್ದಿತ್ತು. ಆ ಬಿಸಿಲಿನೊಳಕ್ಕೆ ನನ್ನ ವಾಯಿಲ್ ಸೀರೆಯುಟ್ಟ ರತ್ನ, ಕೈಯಲ್ಲಿ ದಿಂಬಿನ ಕೂಸು ಹಿಡಿದು ಬಂದಳು. ಒಂದೊಂದು ಹರಕೂ ಎಣಿಸುವಷ್ಟು ಬೆಳಕು.

ನಾನು ಪಕ್ಕದ ಬಾಗಿಲ ಹಿಂದೆ ಪ್ರಾಂಪ್ಟಿಂಗ್ ಪುಸ್ತಕ ಹಿಡಿದು ನಿಂತಿದ್ದೆ. ನಾಟಕ ನೋಡಲಿಲ್ಲ, ಚೌಡಮ್ಮನನ್ನೇ ನೋಡುತ್ತಿದ್ದೆ. ಆಕೆ ಎಲೆ ಅಗಿಯುವುದನ್ನು ನಿಲ್ಲಿಸಿದಳು. ರತ್ನ ಕೂಸನ್ನು ಹೊಸ್ತಿಲ ಮೇಲೆ ಮಲಗಿಸಿ ಸೆರಗೊಡ್ಡಿ ಅನ್ನ ಬೇಡಿದಳು. ಸುಶೀಲ ಮೀಸೆ ತಿರುವುವ ಹಾಗೆ ಬೆರಳಾಡಿಸಿ, "ತೊಲಗಾಚೆ ದರಿದ್ರದವಳೇ," ಎಂದು ಗುಡುಗಿದಳು. ಚೌಡಮ್ಮ ಗಂಟು ಕಂಕುಳಿಗೆ ಸಿಕ್ಕಿಸಿ ಎದ್ದು ನಿಂತಳು. ಮೆಟ್ಟಿಲಿಗೆಂದು ಇಟ್ಟಿದ್ದ ಬೆಂಚನ್ನು ಹತ್ತಿ, ನನ್ನ ನಾಲ್ಕನೇ ಗೋಡೆಯನ್ನು ದಾಟಿ, ರಂಗದ ಮೇಲೆ ಬಂದಳು. ಈ ಹುಡುಗಿ ಇಂದು ಹೀಗೆ ಅರ್ಧದಲ್ಲಿ ಮನೆಗೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ. ಅದಕ್ಕೆ ಕಾರಣ ನಾನು, ನನ್ನ ಪ್ಯಾಥೋಸು.

ಚೌಡಮ್ಮ ಗಂಟು ಬಿಚ್ಚಿದಳು. ಒಳಗಿದ್ದದ್ದು ಮಾವಿನ ಚಿಗುರಿನ ಬಣ್ಣದ ರೇಷ್ಮೆ ಸೀರೆ. ಅದನ್ನು ಸೊಸೆಯ ಹೆಗಲ ಸುತ್ತ ಹೊದಿಸಿ, ಹರಕನ್ನೆಲ್ಲ ಮುಚ್ಚಿ, ಆಮೇಲೆ ಸುಶೀಲಳ ಕಡೆ ತಿರುಗಿದಳು. "ಏನಯ್ಯಾ ಮೀಸೆ ಒತ್ತವ್ನೆ, ಕೂಸೆತ್ಕಂಡು ಎಂಗ್ಸು ಬಾಗ್ಲಿಗೆ ಬಂದ್ರೆ ಇಂಗೇನಾ ಮಾತಾಡಾದು? ನಿಮ್ಮವ್ವ ನಿಂಗೆ ಇದ್ನೇ ಕಲ್ಸಿದ್ದಾ?" ಸುಶೀಲ ನನ್ನ ಕಡೆ ನೋಡಿದಳು. ನಾನು ಪುಸ್ತಕ ನೋಡಿದೆ; ಅದರಲ್ಲಿ ಏನೂ ಇರಲಿಲ್ಲ. ಬೆವರಿಗೆ ಅವಳ ಮೀಸೆ ಗಲ್ಲಕ್ಕಿಳಿದಿತ್ತು. "ತಪ್ಪಾಯ್ತು ಕಣವ್ವ," ಎಂದುಬಿಟ್ಟಳು. ಇಡೀ ಹಾಲು ಚಪ್ಪಾಳೆ ಹೊಡೆಯಿತು. "ನಡಿ ಮನ್ಗೆ," ಎಂದು ಚೌಡಮ್ಮ ಸೊಸೆಯ ಕೈ ಹಿಡಿದಳು. ನನಗೆ ಏನೂ ತೋಚದೆ, "ರತ್ನಾ, ಹೋಗಬೇಡ, ನೀನಿನ್ನೂ ಸಾಯಬೇಕು," ಎಂದು ಪಿಸುಗುಟ್ಟಿದೆ. ಪಿಸುಮಾತು ನಾಲ್ಕನೆಯ ಸಾಲಿಗೆ ಕೇಳಿಸಿತಂತೆ. ಚೌಡಮ್ಮ ಬಾಗಿಲ ಕಡೆಗೆ ಒಮ್ಮೆ ನೋಡಿದಳು, ಅಷ್ಟೇ. ನಾನು ಪುಸ್ತಕದಿಂದ ಮುಖ ಮುಚ್ಚಿಕೊಂಡೆ.

ಆಗ ರತ್ನ ಮಾಡಿದ್ದನ್ನು ಯಾವ ಕಾನ್ವೆಂಟಿನಲ್ಲೂ ಹೇಳಿಕೊಡುವುದಿಲ್ಲ. ಅವಳು ಅತ್ತೆಯ ಕೈ ಬಿಡಿಸಿಕೊಳ್ಳಲಿಲ್ಲ, ಶಾರದೆಯನ್ನೂ ಬಿಡಲಿಲ್ಲ. ನಾಟಕದ ಅದೇ ದನಿಯಲ್ಲಿ, "ಅತ್ತೆ, ಈ ಬಾಗಿಲು ನನಗೆ ಮುಚ್ಚಿತು. ನಿಮ್ಮ ಬಾಗಿಲು ತೆರೆದಿದೆಯೇ?" ಎಂದಳು. ನಾನು ಬರೆದ ಮಾತಲ್ಲ ಅದು. ಚೌಡಮ್ಮ ಹಿಂತಿರುಗಿ ಸೊಸೆಯ ಮುಖ ನೋಡಿದಳು. "ಯಾವತ್ ಮುಚ್ಚಿತ್ತವ್ವ? ನಾ ಇರೋಗಂಟ ಯಾರ್ ಮುಚ್ಚಾರು? ಬಾ. ಮಗಿನ್ನ ನೆಲದ ಮ್ಯಾಲೆ ಬುಟ್ಟಿದ್ದೀಯಲ್ಲ, ಎತ್ಕ," ಎಂದು ತಾನೇ ಬಗ್ಗಿ, ದಿಂಬಿನ ಕತ್ತಿಗೆ ಕೈ ಕೊಟ್ಟು ಎತ್ತಿಕೊಂಡಳು. ಇಬ್ಬರೂ ಬೆಂಚಿನಿಂದ ಇಳಿದು, ಜನರ ನಡುವೆ ನಡೆದು, ಹಾಲಿನ ಬಾಗಿಲಿನಿಂದ ಹೊರಗೆ ಹೋದರು. ಹೆಂಗಸರು ದಾರಿ ಬಿಟ್ಟು, ಕಣ್ಣೊರೆಸಿಕೊಂಡು, ದಿಂಬಿನ ತಲೆ ಮುಟ್ಟಿ, ಒಬ್ಬೊಬ್ಬರಾಗಿ ಹಿಂದೆಯೇ ಎದ್ದು ಹೋದರು. ಐದು ನಿಮಿಷದಲ್ಲಿ ಖಾಲಿ ಹಾಲಿನಲ್ಲಿ ಉಳಿದದ್ದು ಗಲ್ಲದ ಮೇಲೆ ಮೀಸೆಯಿದ್ದ ಸುಶೀಲ, ಮತ್ತು ಯಾರೂ ಆಡದ ಹನ್ನೊಂದು ಪುಟ ಹಿಡಿದ ನಾನು.

ಮಾರನೆಯ ಬೆಳಿಗ್ಗೆ ಕ್ಷಮೆ ಕೇಳಲು ಹೊರಟೆ. ನಮ್ಮ ಮನೆಯಿಂದ ನೇಕಾರರ ಬೀದಿಗೆ ಹತ್ತು ನಿಮಿಷದ ದಾರಿ. ನಾನು ಮುಕ್ಕಾಲು ಗಂಟೆ ನಡೆದೆ. ಚೌಡಮ್ಮ ಜಗಲಿಯಲ್ಲೇ ಇದ್ದಳು. ನಾನು ಬಾಯಿ ತೆರೆಯುವ ಮೊದಲೇ, "ಆ ಮೀಸೆಯೋಳು ಎಂಗವ್ಳೆ? ರವಷ್ಟು ಜೋರಾಗ್ ಅಂದ್ಬುಟ್ಟೆ," ಎಂದಳು. ಆಮೇಲೆ, "ಅನೂರಿಂದ ನಮ್ಮ ಬೀಗ್ರೂ ನಾಟ್ಕಕ್ಕೆ ಬಂದಿದ್ರು. ಅಲ್ಲೂ ಆಡ್ಬೇಕಂತೆ. ರತ್ನುನ್ನ ಒಬ್ಳುನ್ನೇ ಕಳ್ಸಕಾಯ್ತದಾ, ನಾನೂ ಬತ್ತೀನಿ. ಯಾವತ್ತು ಅಂತ ನೀವೇ ಏಳಿ." ಒಳಗಿನಿಂದ ರತ್ನ ಮಜ್ಜಿಗೆ ತಂದಳು. ನಾನು ನಿಂತೇ ಎರಡು ಲೋಟ ಕುಡಿದು, ಆಮೇಲೆ ಕೂತು ಇನ್ನೊಂದು ಕುಡಿದೆ. ಎದೆಯ ಮೇಲಿದ್ದ ಬೀಸುವ ಕಲ್ಲನ್ನು ಯಾರೋ ಎತ್ತಿ ಮೂಲೆಗಿಟ್ಟ ಹಾಗಿತ್ತು. ಅಂಥ ಮಜ್ಜಿಗೆಯನ್ನು ನಾನು ಆಮೇಲೆ ಎಲ್ಲೂ ಕುಡಿದಿಲ್ಲ.

ಹನೂರಿಗೆ ಹೋಗುವ ಮೊದಲು ನಾನು ಚೌಡಮ್ಮನಿಗೆಂದೇ ಪಾತ್ರ ಬರೆದು, ಮೂರನೆಯ ಅಂಕದ ತನಕ ಒಳಗೆ ಕಾಯಬೇಕು ಎಂದೆ. "ಒಳ್ಗಿದ್ರೆ ನಂಗೇನ್ ಕಂಡದು? ಚಾಪೆ ಮ್ಯಾಲೇ ಕುಂತ್ಕತೀನಿ. ಸಿಟ್ ಬಂದಾಗ ಎದ್ ಬತ್ತೀನಿ," ಎಂದಳು. ಹನೂರಿನಲ್ಲಿ ಆಕೆಗೆ ಎರಡನೆಯ ಅಂಕದಲ್ಲೇ ಸಿಟ್ಟು ಬಂತು. ನಾಟಕ ಮುಕ್ಕಾಲು ಗಂಟೆಗೇ ಮುಗಿಯಿತು. ಯಳಂದೂರಿನಲ್ಲಿ ಸುಶೀಲಳ ತಾಯಿ ಜನರ ನಡುವೆ ಎದ್ದು ನಿಂತು, "ಸಾಕು ಬುಡವ್ವ, ನನ್ ಮಗ್ಳು ಅಂತೋಳಲ್ಲ," ಎಂದು ಚೌಡಮ್ಮನ ಜೊತೆ ವಾದಕ್ಕಿಳಿದರು. ಒಂದು ಸಲ ಆಡಿದ ಹಾಗೆ ಇನ್ನೊಂದು ಸಲ ಆಗಲೇ ಇಲ್ಲ. ಹೋದಲ್ಲೆಲ್ಲ ಜನ ನನ್ನ ಬಳಿ ಬಂದು, "ಕೊನೇ ಸೀನು ಏನ್ ಬರ್ದಿದೀರಿ ತಾಯಿ," ಎನ್ನುತ್ತಿದ್ದರು. ನಾನು ಕತ್ತು ಓರೆ ಮಾಡಿ ಥ್ಯಾಂಕ್ ಯೂ ಎನ್ನುತ್ತಿದ್ದೆ.

ಎಪ್ಪತ್ತರ ದಶಕದ ಮೊದಲಲ್ಲಿ ನಮಗೆ ವರ್ಗವಾಯಿತು. ಹೊರಡುವ ದಿನ ಬಸ್‌ಸ್ಟ್ಯಾಂಡಿಗೆ ಚೌಡಮ್ಮ ಒಬ್ಬಳೇ ಬಂದಳು. ರತ್ನ ಬರಲಿಲ್ಲವೇ ಎಂದೆ. "ಅವ್ಳಿಗೆಲ್ಲಿ ಪುರುಸೊತ್ತು? ಇಸ್ಕೂಲ್ ಎಣ್ಮಕ್ಳಿಗೆ ನಾಟ್ಕ ಕಲುಸ್ತಾವ್ಳೆ. ಒಲೆ ಮುಂದೆ ನಾನು," ಎಂದಳು, ದೂರೋ ಜಂಬವೋ ತಿಳಿಯದಂತೆ. ನನಗೆ ಧೈರ್ಯ ಬಂತು. ಹರಿದ ಸೀರೆಯ ವಿಷಯ ಬೇಕೆಂದೇ ಮುಚ್ಚಿಟ್ಟಿದ್ದೆ, ಕ್ಷಮಿಸಬೇಕು ಎಂದೆ. ಆಕೆ ನನ್ನನ್ನು ಮಗುವನ್ನು ನೋಡುವ ಹಾಗೆ ನೋಡಿದಳು. "ಗೊತ್ತಿತ್ತಲ್ಲ ನಂಗೆ. ನಲ್ವತ್ ದಿನ ಕದ್ರು ಸುತ್ತ್ಕಂಡು ಅದ್ನೇ ಗೊಣಗ್ತಿದ್ಲು, ಅರಿದೋದ್ ಸೀರೆ, ಒಂದ್ ಇಡಿ ಅನ್ನ, ಒಸ್ಲ್ ಮ್ಯಾಲೆ ಸಾಯಾದು. ಬ್ಯಾಡ ಅನ್ಬೌದಿತ್ತು. ಅಷ್ಟಾಸೆ ಪಟ್ಟವ್ಳೆ, ಆಡ್ಕಳ್ಳಿ ಅಂತ ಬುಟ್ಟೆ. ಆದ್ರೂ ನಮ್ಮನೆ ಮಗೀನ ನಾಕ್ ಜನ್ದ್ ಮುಂದೆ ಸಾಯಾಕ್ ಬುಡಕಾಯ್ತದಾ? ಅದ್ಕೇ ನಾನೂ ಸೀರೆ ಕಟ್ಕಂಡು ತಯಾರಾಗ್ ಬಂದೆ. ನೀವ್ಯಾಕೆ ಅವತ್ತು ಅಂಗೆ ಬೆವರ್ತಾ ನಿಂತಿದ್ರಿ?"

ಅಷ್ಟರಲ್ಲಿ ಬಸ್ಸು ಬಂತು. ಆಕೆ ನನ್ನನ್ನು ಮುಂದೆ ಮಾಡಿ ಹತ್ತಿಸಿದಳು, ಬಿಸಿಲು ಬೀಳದ ಕಡೆಯ ಕಿಟಕಿ ನೋಡಿ ಕೂರಿಸಿದಳು, ಯಜಮಾನರನ್ನು ಪಕ್ಕಕ್ಕೆ ಕೂರಿಸಿದಳು, ಕೆಳಗಿಳಿದು ಕಂಡಕ್ಟರನಿಗೆ ಯಾವ ಟ್ರಂಕು ಕೆಳಗಿರಬೇಕು, ಯಾವುದು ಮೇಲಿರಬೇಕು ಎಂದು ಕೈಯೆತ್ತಿ ತೋರಿಸತೊಡಗಿದಳು. ಬಸ್ಸು ಹೊರಟಾಗಲೂ ಅವನ ಜೊತೆ ವಾದ ಮುಗಿದಿರಲಿಲ್ಲ. ನನ್ನ ಕಡೆ ತಿರುಗಲೇ ಇಲ್ಲ. ನಾನು ಆಕೆಯನ್ನು ಕೊನೆಯ ಸಲ ನೋಡಿದ್ದು ಹಾಗೆ, ಬೆನ್ನ ಕಡೆಯಿಂದ. ಮೈಸೂರು ಬರುವ ತನಕ ಆಕೆ ಕೂರಿಸಿದ ಸೀಟಿನಲ್ಲೇ, ಕೂರಿಸಿದ ಹಾಗೆಯೇ, ನಾನು ತೆಪ್ಪಗೆ ಕೂತಿದ್ದೆ.